41 ಅಂಕದ ಹುಡುಗ ಯಾಕ ಹೆದರಿದ?

ಧಾರವಾಡ

ಪ್ರಿಯ ತಮ್ಮ,

ಕತೆ ಮುಟ್ಟಿತು. ಜೊತೆಗಿದ್ದ ಚೀಟಿಯೂ ಮುಟ್ಟಿತು: ‘ಮೂರು ಕಡೆಯಿಂದ ವಾಪಸ್ ಬಂತು, ಇನ್ನ ಬರೆಯೂದಿಲ್ಲ.’ ಬರಿ. ಕಾಗುಣಿತ, ಎಲ್ಲಿಗೆ ಕಳಿಸಬೇಕು ಅನ್ನೋದೆಲ್ಲ ತಾನಾಗಿ ದಾರಿಗೆ ಬರುತ್ತದೆ. ನಾನು ಮಾತಾಡಬೇಕಾದದ್ದು ನಿನ್ನ ಮೂರನೇ ಪುಟದ ಬಗ್ಗೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಮಾಲನ ಮಗ, ಅಪ್ಪನ ಹೊಡೆತಕ್ಕೆ ಹೆದರಿ, ಪ್ರಗತಿ ಪತ್ರಕ್ಕೆ ಅಪ್ಪನ ಸಹಿ ತಾನೇ ಹಾಕುತ್ತಾನೆ. ಮಾಸ್ತರು ಹಿಡಿದು, ಹೊಡೆಯದೆ ಕ್ಷಮಿಸುತ್ತಾರೆ. ಹುಡುಗ ತಹಶೀಲ್ದಾರನಾಗಿ ಬಂದು ಕಾಲಿಗೆ ಬೀಳುತ್ತಾನೆ. ಆದರೆ ಗಣಿತದಲ್ಲಿ 50ಕ್ಕೆ 41 ಎಂದು ನೀನೇ ಬರೆದಿದ್ದೀ. ಅಷ್ಟು ತಗೊಂಡವನು ಅಪ್ಪನ ಹೊಡೆತಕ್ಕೆ ಯಾಕೆ ಹೆದರುತ್ತಾನೆ? ಉತ್ತರ ನಿನ್ನ ಹಾಳೆಯಲ್ಲೇ ಒಂದು ಸಾಲಿನಲ್ಲಿದೆ: ‘ಪಾಲಕರ ಸಹಿಯ ಹಿಂದಿನ ಎರಡು ಚೌಕಗಳಲ್ಲಿ ಹೆಬ್ಬೆಟ್ಟಿನ ಗುರುತಿತ್ತು.’ ಹುಡುಗ ಮುಚ್ಚಿಟ್ಟದ್ದು ಆ ಹೆಬ್ಬೆಟ್ಟನ್ನು. ಅಂಥ ಸಾಲು ಬರೆದು ಅದನ್ನು ದಾಟಿ ಓಡಿಬಿಟ್ಟೆಯಲ್ಲೋ!

ಮಾಸ್ತರಿಗೆ ತಪ್ಪು ಯಾವುದೆಂದೇ ತಿಳಿಯದಿದ್ದರೆ ಅವರು ಕ್ಷಮಿಸುವುದೇನನ್ನು? ನಿನ್ನ ಮಾಸ್ತರು ಒಂದೂವರೆ ಪುಟ ಭಾಷಣ ಮಾಡುತ್ತಾರೆ, ಅದೂ ಇಡೀ ತರಗತಿಯ ಎದುರು. ನಲವತ್ತು ಮಕ್ಕಳ ಮುಂದೆ ಕ್ಷಮೆ ಪಡೆದವನಿಗೆ ಅದೇ ಶಿಕ್ಷೆ. ಹೊಡೆಯಲಿಲ್ಲ ಎನ್ನುವುದೂ ದೊಡ್ಡದಲ್ಲ. ನಿನ್ನ ಕತೆ ನಡೆಯುವುದು 2016ರಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ಆಗಲೇ ನಿಷೇಧಿಸಿದೆ. ಸೆಪ್ಟೆಂಬರ್ 5 ಬಂತೆಂದರೆ ಇಂಥ ಭಾಷಣದ ಮಾಸ್ತರರನ್ನು ಸಾಲಾಗಿ ನಿಲ್ಲಿಸುವ ಕತೆಗಳ ಮೇಲೆ ನನಗೆ ಹಳೆಯ ಸಿಟ್ಟಿದೆ. ನಿನ್ನದೂ ಅವುಗಳಲ್ಲೊಂದಾಗಬಾರದು.

ಭಾಷಣ ತೆಗೆ. ಸಾಲಿಯ ಮೇಜಿನ ಡ್ರಾವರಿನಲ್ಲಿ ಮುದ್ರೆ ಒತ್ತಲು ನೇರಳೆ ಸ್ಟ್ಯಾಂಪ್ ಪ್ಯಾಡ್ ಇರುತ್ತದೆ. ಎಲ್ಲರೂ ಹೋದಮೇಲೆ ಮಾಸ್ತರು ಅದನ್ನು ಹುಡುಗನ ಕೈಗಿಡಲಿ. “ಸೋಮವಾರ ತಿರುಗಿ ತಾ.” ಅಷ್ಟೇ. ಮನೆಯಲ್ಲಿ ಅವನು ಅಪ್ಪನ ಎಡಗೈ ಹಿಡಿಯಬೇಕು. ಹೆಬ್ಬೆರಳನ್ನು ಜೋರಾಗಿ ಒತ್ತಿದರೆ, ಇಲ್ಲವೆ ಮಸಿ ಹೆಚ್ಚಾದರೆ, ಗೆರೆ ಮೂಡದೆ ಕಲೆಯಾಗುತ್ತದೆ. ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಮೆಲ್ಲಗೆ ಉರುಳಿಸಬೇಕು. ಅಪ್ಪ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಾನೆ. ಹುಡುಗ ಅದನ್ನು ನೋಡುತ್ತಾನೆ. ಇಲ್ಲಿ ಅವಸರ ಮಾಡಬೇಡ, ಒಂದು ಪುಟ ಪೂರ್ತಿ ತಗೋ.

(ಅಪ್ಪನ ಕೈಗೆ ‘ಕೆಂಡದಂಥ ಖಾರ’ ಅಂಟಿಸಿದ್ದೀ. ಬ್ಯಾಡಗಿ ಕಾಯಿಯ ಹೆಸರು ಬಣ್ಣಕ್ಕೆ, ಖಾರ ಕಡಿಮೆ. ಉಗುರಿನ ಸಂದಿಯ ಕೆಂಪು ದೂಳು ಸಾಕು.)

ಆಮೇಲಿನದನ್ನೂ ಸುಳ್ಳು ಮಾಡಬೇಡ. ಕ್ಷಮೆ ಸಿಕ್ಕ ಮಗುವಿಗೆ ಮೊದಲು ಹುಟ್ಟುವುದು ಅನುಮಾನ: ಹೆಡ್‌ಮಾಸ್ತರಿಗೆ ಹೇಳ್ಯಾರೇನೋ, ನಾಳೆ ಅಪ್ಪನ್ನ ಕರಸ್ತಾರೇನೋ. ಎರಡನೇ ಬೆಂಚಿನವನು ನಾಲ್ಕನೇ ಬೆಂಚಿಗೆ ಸರಿಯುತ್ತಾನೆ. ಮಾಸ್ತರು ಬರುವ ಓಣಿ ಬಿಟ್ಟು ಸುತ್ತು ಹಾಕಿ ಮನೆಗೆ ಹೋಗುತ್ತಾನೆ. ಒಂದು ದಿನ ಅವರು ಎಂದಿನಂತೆ ಬಳಪ ಕೊಟ್ಟು, ಬೋರ್ಡಿನ ಮೇಲೆ ತಾರೀಖು ಬರಿ ಅನ್ನುತ್ತಾರೆ. ಮುಗಿಯಿತೆಂದು ಅವನಿಗೆ ಗೊತ್ತಾಗುವುದು ಆಗ.

ತಹಶೀಲ್ದಾರ ಬೇಡವೇ ಬೇಡ. ದೊಡ್ಡವನಾದದ್ದನ್ನು ತೋರಿಸಲೇಬೇಕೆಂದಿದ್ದರೆ, ಬ್ಯಾಂಕಿನ ಕೌಂಟರಿನಲ್ಲಿ ಮುದುಕಿಯೊಬ್ಬಳು ಪೆನ್ನು ಹಿಡಿದು ತಡವರಿಸುವಾಗ ಮುಖ ನೋಡದೆ ಪ್ಯಾಡ್ ಸರಿಸುವ ಕೈಯನ್ನು ತೋರಿಸು.

ಮೊದಲೆರಡು ಪುಟ ನನ್ನ ಹತ್ತಿರವೇ ಇರಲಿ, ತಿರುಗಿ ಕಳಿಸುವುದಿಲ್ಲ. ಮೂರನೇದರಿಂದ ಶುರು ಮಾಡು.

ನಿನ್ನ ಹಿರಿಯ