ಗಾಶೆಗೆ, ಮತ್ತು ನಿಮಗೆಲ್ಲರಿಗೂ

ನಮ್ಮ ಶಾಲೆಯ ಹೊಸ ಕೋಣೆಗಳಲ್ಲಿ ಪಾಠ ಶುರುವಾಗಿ ಇವತ್ತಿಗೆ ಒಂಬತ್ತು ದಿನ. ಗಿಫಾತಾ, ಅಂದರೆ ದಕ್ಷಿಣ ಇಥಿಯೋಪಿಯದ ಇಲ್ಲಿಯ ವೊಲೈತಾ ಜನರ ಹೊಸವರ್ಷದ ಹಬ್ಬ, ಮುಗಿಸಿಕೊಂಡು ಮಕ್ಕಳು ಬಂದರು. ಒಂದನೇ ತರಗತಿಯ ಹುಡುಗನೊಬ್ಬ ಹೊಸ್ತಿಲ ಹೊರಗೇ ನಿಂತುಬಿಟ್ಟ. ಸಿಮೆಂಟಿನ ನೆಲದ ಮೇಲೆ ಅವನು ಕಾಲಿಟ್ಟದ್ದು ಚರ್ಚಿನಲ್ಲಿ ಮಾತ್ರ. ಇಲ್ಲೂ ಮೊಣಕಾಲೂರಬೇಕೋ ಎಂಬ ಅನುಮಾನ ಅವನಿಗೆ. ಕೈಹಿಡಿದು ಒಳಗೆ ಕರೆದುಕೊಂಡು ಹೋದೆ. ಅವತ್ತೇ ನಿಮಗೆ ಬರೆಯಬೇಕಿತ್ತು, ಕೈ ಓಡಲಿಲ್ಲ.

ಏಪ್ರಿಲ್‌ನಿಂದ ಇಲ್ಲಿಯವರೆಗಿನ ಕಥೆ ನಿಮಗೆ ಗೊತ್ತೇ ಇದೆ. ಗಾಳಿ, ಶಾಲೆಯ ಚಾವಣಿಯಿಂದ ಹಾರಿಹೋದ ತಗಡು, ಅರ್ಧಕ್ಕೆ ಬಿಟ್ಟುಹೋದ ಗುತ್ತಿಗೆದಾರ, ಎಲ್ಲವನ್ನೂ ಫೋನಿನಲ್ಲಿ ಹೇಳಿಕೊಂಡು ಅತ್ತಿದ್ದೇನೆ. 2024ರ ಜುಲೈ ಕೊನೆಗೆ ಇಲ್ಲಿಯ ಸರ್ಕಾರ ತನ್ನ ಹಣವಾದ ಬಿರ್‌ನ ಬೆಲೆಯನ್ನು ಮಾರುಕಟ್ಟೆಗೇ ಬಿಟ್ಟಾಗ ಡಾಲರಿಗೆ 57ರ ಆಸುಪಾಸಿನಲ್ಲಿದ್ದದ್ದು ಕೆಲವೇ ವಾರಗಳಲ್ಲಿ 100 ದಾಟಿತ್ತು. ಆ ಏಟಿನಿಂದ ನಮ್ಮ ಅಂದಾಜುಪಟ್ಟಿ ಕೊನೆಯವರೆಗೂ ಚೇತರಿಸಿಕೊಳ್ಳಲಿಲ್ಲ. ಆದರೂ ಕೋಣೆಗಳು ಎದ್ದವು. ಕಾರ್ಕಳದ ನಮ್ಮ ಊರಿನವರಿಗೆ, ಕುವೈತಿನಿಂದ ತಿಂಗಳು ತಪ್ಪದೆ ಕಳಿಸಿದ ಚಿಕ್ಕಪ್ಪನ ಮಕ್ಕಳಿಗೆ, ನಕ್ಷೆ ಬರೆದುಕೊಟ್ಟ ಬೆಂಗಳೂರಿನ ಸೋದರಳಿಯನಿಗೆ, ಸೊಡೋ ಪಟ್ಟಣದಿಂದ ಬಂದು ಪುಕ್ಕಟೆ ದುಡಿದ ಬಡಗಿಗಳಿಗೆ, ಕಲ್ಲು ಹೊತ್ತ ತಂದೆತಾಯಂದಿರಿಗೆ, ನನ್ನ ಜೊತೆಯ ಸಿಸ್ಟರ್‌ಗಳಿಗೆ ನನ್ನ ತುಂಬು ಮನಸ್ಸಿನ ಕೃತಜ್ಞತೆ.

ಒಬ್ಬರ ವಿಷಯ ಮಾತ್ರ ನಿಮಗೆ ಯಾರಿಗೂ ಹೇಳಿಲ್ಲ. ಹೇಳಲು ಹೊರಟಾಗಲೆಲ್ಲ ಗಂಟಲು ಕಟ್ಟುತ್ತಿತ್ತು.

ನಮ್ಮ ಶಾಲೆಯ ರಾತ್ರಿ ಕಾವಲುಗಾರರನ್ನು ಎಲ್ಲರೂ ಗಾಶೆ ಅನ್ನುತ್ತಾರೆ. ಹಿರಿಯರನ್ನು ಗೌರವದಿಂದ ಕರೆಯುವ ಅಮ್ಹಾರಿಕ್ ಮಾತು ಅದು. ಅವರ ಎರಡೂ ಪಾದಗಳು ಊದಿಕೊಂಡಿವೆ. ನೋಡಿದರೆ ಆನೆಕಾಲು ಅನಿಸುತ್ತದೆ, ಆದರೆ ಇದು ಸೊಳ್ಳೆಯಿಂದ ಬಂದದ್ದಲ್ಲ. ಜ್ವಾಲಾಮುಖಿಯಿಂದಾದ ಇಲ್ಲಿಯ ಕೆಂಪು ಮಣ್ಣಿನಲ್ಲಿ ವರ್ಷಗಟ್ಟಲೆ ಬರಿಗಾಲಲ್ಲಿ ದುಡಿದವರಿಗೆ ಬರುವ ಪೊಡೊಕೋನಿಯೋಸಿಸ್. ಚಿಕ್ಕಂದಿನಿಂದ ಚಪ್ಪಲಿ ಇದ್ದರೆ, ಕಾಲು ತೊಳೆಯಲು ನೀರಿದ್ದರೆ ತಡೆಯಬಹುದಾದ ಕಾಯಿಲೆ. ಮಣ್ಣಿನ ನೆಲದ ಬದಲು ಸಿಮೆಂಟಿನ ನೆಲವೇ ಆಗಬೇಕೆಂದು ನಾನು ನಿಮ್ಮನ್ನೆಲ್ಲ ಕಾಡಿದ್ದು ಯಾಕೆಂದು ಈಗ ತಿಳಿದಿರಬೇಕು.

ಗಾಳಿಗೆ ತಗಡು ಹಾರಿದ ಆ ರಾತ್ರಿ ಬೆಲ್ಗ್ ಮಳೆ. ಫೆಬ್ರವರಿಯಿಂದ ಮೇವರೆಗೆ ಸುರಿಯುವ ಸಣ್ಣ ಮಳೆಗಾಲ ಅದು, ಹೆಸರಿಗೆ ಮಾತ್ರ ಸಣ್ಣದು. ಹಳೆಯ ಕೋಣೆಗಳು ಚಿಕಾ ಗೋಡೆಯವು: ನೀಲಗಿರಿ ಗಳಗಳ ಮೇಲೆ ಹುಲ್ಲು ಬೆರೆಸಿದ ಮಣ್ಣು ಮೆತ್ತಿದ್ದು. ತಗಡು ಹಾರಿದ ಮೇಲೆ ಗೋಡೆ ನಮ್ಮ ಕಣ್ಣೆದುರೇ ಕರಗತೊಡಗಿತು. ಮೂವರು ಮಕ್ಕಳಿಗೆ ಒಂದರಂತೆ ಹಂಚುವಷ್ಟೇ ಇದ್ದ ಪಠ್ಯಪುಸ್ತಕಗಳು ಒಳಗಿದ್ದವು. ಗಾಶೆ ಎನ್ಸೆಟ್ ಎಲೆಗಳನ್ನು ಕಡಿದು ತಂದರು. ಎನ್ಸೆಟ್ ನಮ್ಮ ಬಾಳೆಯ ಹಾಗೇ ಕಾಣುವ ಗಿಡ; ಹಣ್ಣು ತಿನ್ನಲು ಬರುವುದಿಲ್ಲ, ಬುಡವೇ ಇಲ್ಲಿಯವರ ಊಟ. ಆ ಅಗಲ ಎಲೆಗಳಲ್ಲಿ ಪುಸ್ತಕದ ಕಟ್ಟುಗಳನ್ನು ಸುತ್ತಿ, ಆ ಕಾಲುಗಳಲ್ಲೇ ಕೆಸರು ತುಳಿಯುತ್ತ, ಗುಡ್ಡದ ಮೇಲಿನ ಚರ್ಚಿಗೆ ಹೊತ್ತರು. ನಾನು ಟಾರ್ಚು ಹಿಡಿದೆ, ಅಷ್ಟೇ. ಎಷ್ಟು ಸಲ ಹತ್ತಿ ಇಳಿದರೋ, ಏಳರ ನಂತರ ಲೆಕ್ಕ ತಪ್ಪಿತು.

ಕೊನೆಗೆ ಮೈಮೇಲಿನ ಗಾಬಿ, ಅದೇ ದಪ್ಪ ಹತ್ತಿಯ ಹೊದಿಕೆ, ಅದರ ಮಡಿಕೆಯೊಳಗಿಂದ ಹಾಜರಿ ಪುಸ್ತಕ ತೆಗೆದುಕೊಟ್ಟರು. ಅವರಿಗೆ ಓದು ಬಾರದು. ದಿನಾ ಬೆಳಿಗ್ಗೆ ನಾನು ಅದನ್ನು ತೆರೆದು ಹೆಸರು ಕರೆಯುವುದನ್ನು ಗೇಟಿನಿಂದ ನೋಡುತ್ತಿದ್ದರು. "ಮಕ್ಕಳೆಲ್ಲ ಇದರಲ್ಲೇ ಇದ್ದಾರಲ್ಲ" ಅಂದರು.

ಆಗ ನಾನು ಕುಸಿದುಹೋದೆ. ಅಮ್ಮ ತೀರಿಕೊಂಡು ಹನ್ನೊಂದು ದಿನವಾಗಿತ್ತು. ಮಣ್ಣಿಗೆ ನಾನಿರಲಿಲ್ಲ. ಊರಿಗೆ ಹೊರಟಿದ್ದರೂ ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು, ಆದರೂ ಹೊರಡಲಿಲ್ಲವಲ್ಲ ಎಂಬುದು ಇನ್ನೂ ಚುಚ್ಚುತ್ತದೆ. ಆ ರಾತ್ರಿ ನನಗೆ ಪ್ರಾರ್ಥನೆ ಬರಲಿಲ್ಲ. ಇಷ್ಟು ವರ್ಷ ಈ ಉಡುಪು ತೊಟ್ಟವಳು ಹೀಗೆ ಬರೆಯಬಾರದೇನೋ, ಆದರೆ ದೇವರ ಮೇಲೆ ನನಗೆ ಬಂದ ಸಿಟ್ಟು ಸಣ್ಣದಲ್ಲ. ಅಮ್ಮನನ್ನೂ ಶಾಲೆಯನ್ನೂ ಒಂದೇ ತಿಂಗಳಲ್ಲಿ ಕಿತ್ತುಕೊಂಡೆಯಲ್ಲ ಎಂದು ಚರ್ಚಿನ ಮೆಟ್ಟಿಲ ಮೇಲೆ ಕೂತು ಕನ್ನಡದಲ್ಲೇ ಕೂಗಿದೆ. ಗಾಶೆಗೆ ಒಂದು ಅಕ್ಷರವೂ ತಿಳಿದಿರಲಿಕ್ಕಿಲ್ಲ. "ಐಜೋಶ್" ಅಂದರು. ಧೈರ್ಯ ತಂದುಕೋ ತಾಯಿ, ಅನ್ನುವ ಹಾಗೆ. ಆಮೇಲೆ ಮಾತಾಡದೆ ಮೂರು ಕಲ್ಲಿಟ್ಟು ಬೆಂಕಿ ಹಚ್ಚಿ, ಉಪ್ಪು ಹಾಕಿದ ಕಾಫಿ ಕಾಯಿಸಿದರು. ಇಲ್ಲಿ ಒಂದೇ ಪುಡಿಯಲ್ಲಿ ಮೂರು ಸಲ ಕಾಯಿಸುತ್ತಾರೆ: ಅಬೋಲ್, ತೋನಾ, ಬರಕಾ. ಮೂರನೆಯದು ಆಶೀರ್ವಾದದ್ದು, ಅದನ್ನು ಕುಡಿಯದೆ ಏಳುವಂತಿಲ್ಲ. ನಾವು ಅದನ್ನು ಕುಡಿಯುವಾಗ ಬೆಳಕು ಹರಿಯುತ್ತಿತ್ತು. ಅವರು ಕೇಳಿದ್ದು ಒಂದೇ: "ಮಕ್ಕಳು ಈಗ ಬರುತ್ತಾರೆ. ಎಲ್ಲಿ ಕೂರಿಸೋಣ?"

ಉತ್ತರವೂ ಅವರ ಹತ್ತಿರವೇ ಇತ್ತು. ಇಥಿಯೋಪಿಯದ ಹಳ್ಳಿಗಳಲ್ಲಿ ಇದಿರ್ ಎಂಬ ಕೂಟವಿರುತ್ತದೆ. ಮನೆಮನೆಯವರು ತಿಂಗಳಿಗಿಷ್ಟು ಎಂದು ಹಾಕಿ, ಸಾವಾದ ಮನೆಗೆ ಡೇರೆ, ಬೆಂಚು, ಪಾತ್ರೆ, ಹೊರುವ ಹೆಗಲು ಎಲ್ಲ ಒದಗಿಸುತ್ತಾರೆ. ಗಾಶೆ ಆ ಕಾಲಲ್ಲೇ ಹಿರಿಯರ ಮನೆಗೆ ಹೋಗಿ ಸಾವಿನ ಡೇರೆಯನ್ನು ಶಾಲೆಗೆ ಕೇಳಿದರು. ಕೊಟ್ಟರು. ಊರಿನಲ್ಲಿ ಯಾರಾದರೂ ಹೋದಾಗ ಡೇರೆ ಅಲ್ಲಿಗೆ, ನಾವು ಅತ್ತಿ ಮರದಂಥ ದೊಡ್ಡ ವರ್ಕಾ ಮರದಡಿಗೆ. ಮೊದಲ ಸಂಜೆ ಮಕ್ಕಳು ಹೋದ ಮೇಲೆ ಊರ ಹೆಂಗಸರು ಅದೇ ಡೇರೆಗೆ ಬಂದು ನನ್ನ ಸುತ್ತ ಕೂತರು. ತಾವು ಎಂದೂ ಕಾಣದ ನನ್ನ ಅಮ್ಮನಿಗಾಗಿ ಅತ್ತರು. ಗಾಶೆ ಹೇಳಿ ಕರೆಸಿದ್ದು.

ಆ ಡೇರೆಯಡಿಯಲ್ಲೇ ನಮ್ಮ ಮಕ್ಕಳು ಲ್ಯಾಟಿನ್ ಅಕ್ಷರದಲ್ಲಿ ವೊಲೈತಾ ನುಡಿಯನ್ನೂ ಫಿದೆಲ್ ಅಕ್ಷರದಲ್ಲಿ ಅಮ್ಹಾರಿಕ್ಕನ್ನೂ ಬರೆದರು. ಫಿದೆಲ್ ನನಗೆ ಬೇಗ ಒಲಿದದ್ದು ನಮ್ಮ ಕಾಗುಣಿತದಿಂದ. ಹ, ಹು, ಹಿ, ಹಾ, ಹೇ, ಹ್, ಹೊ ಎಂದು ಪ್ರತಿ ಅಕ್ಷರವೂ ಏಳು ರೂಪ ತಾಳುತ್ತದೆ. ಮಕ್ಕಳು ಅದನ್ನು ಒಕ್ಕೊರಲಿನಲ್ಲಿ ಹೇಳುವಾಗ ನನಗೆ ನನ್ನ ಒಂದನೇ ತರಗತಿ ಕೇಳಿಸುತ್ತದೆ.

ಇನ್ನು ಬೇಕಾದದ್ದನ್ನು ಮುಚ್ಚಿಡುವುದಿಲ್ಲ. ನೀರು ಇನ್ನೂ ಮಕ್ಕಳ ಹಳದಿ ಜೆರ್ರಿಕ್ಯಾನ್‌ಗಳಲ್ಲೇ ಬರುತ್ತಿದೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಗೋಡೆಯಾಗಿದೆ, ಬಾಗಿಲಾಗಿಲ್ಲ. ಐದನೇ ತರಗತಿ ದಾಟಿದವರು ತಿಂಗಳಲ್ಲಿ ಕೆಲವು ದಿನ ಬರದೇ ಇರುವುದಕ್ಕೆ ಅದೇ ಕಾರಣ. ಹಸಿದು ಬಂದವರಿಗೆ ಬೇಯಿಸಿದ ಜೋಳದ ನಿಫ್ರೋ ವಾರದಲ್ಲಿ ಮೂರು ದಿನ ಮಾತ್ರ ಕೊಡಲಾಗುತ್ತಿದೆ. ಚಪ್ಪಲಿಯ ವಿಷಯ ಮೇಲೆ ಹೇಳಿದ್ದೇನೆ. ಈಗ ಸುಧಾರಿಸಿಕೊಳ್ಳಿ, ಆಮೇಲೆ ಕೇಳುತ್ತೇನೆ.

ಇದನ್ನು ಗಾಶೆಗೆ ಅಮ್ಹಾರಿಕ್‌ನಲ್ಲಿ ಓದಿ ಹೇಳುವವಳಿದ್ದೇನೆ. ಡೇರೆಯನ್ನು ಮೊನ್ನೆ ಒಗೆದು, ಒಣಗಿಸಿ, ಇದಿರ್‌ಗೆ ಒಪ್ಪಿಸಿದೆವು. ಎಣಿಸುವಾಗ ಎರಡು ಗೂಟ ಕಡಿಮೆ ಬಂದವು. ಗಾಶೆ ಶಾಲೆಯ ಬೇಲಿಯ ನೀಲಗಿರಿ ಕೊಂಬೆ ಕಡಿದು, ಹೊಸ ಕೋಣೆಯ ಮೆಟ್ಟಿಲ ಮೇಲೆ ಕೂತು ಅವನ್ನು ಕೆತ್ತಿಕೊಟ್ಟರು.