ವಕೀಲನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು?

ಮಾನ್ಯ ಸಂಪಾದಕರೇ,

ಕಾನೂನು ಅಧಿಕಾರಿ ಹುದ್ದೆಗಳ ದಾಖಲೆ ಪರಿಶೀಲನೆ ಧಾರವಾಡದಲ್ಲಿ ಸುಗಮವಾಗಿ ನಡೆಯಿತೆಂಬ ಅಧಿಕಾರಿಗಳ ಹೇಳಿಕೆಯನ್ನು ನಿನ್ನೆಯ ಪತ್ರಿಕೆಯಲ್ಲಿ ಓದಿ ಸಂಕಟವಾಯಿತು. ಆ ದಿನ ಅದೇ ಸಾಲಿನಲ್ಲಿ ನಾಲ್ಕು ತಾಸು ನಿಂತು ತಿರಸ್ಕೃತರಾಗಿ ಮರಳಿದವರಲ್ಲಿ ನಾನೂ ಒಬ್ಬ.

ಗದಗಿನಲ್ಲಿ 14 ವರ್ಷಗಳಿಂದ ವಕೀಲಿ ಮಾಡುತ್ತಿದ್ದೇನೆ. ಅಂದು ನಸುಕಿನಲ್ಲೇ ಮನೆ ಬಿಟ್ಟು, ಹುಬ್ಬಳ್ಳಿಯಲ್ಲಿ ಇಳಿದು, ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಧಾರವಾಡ ಮುಟ್ಟಿದೆ. ಪಾಟೀಸವಾಲಿಗೆ ಇದ್ದ ಎರಡು ಪ್ರಕರಣಗಳಲ್ಲಿ ಮುದ್ದತು ಕೇಳಬೇಕಾಗಿ ಬಂದು, ಮುಂಡರಗಿಯಿಂದ ಸಾಕ್ಷಿ ಕರೆತಂದಿದ್ದ ಕಕ್ಷಿದಾರರು ಸುಮ್ಮನೆ ಅಲೆದಂತಾಯಿತು. ಸನದು (ವಕೀಲನೆಂದು ನೋಂದಣಿಯಾದ ಪ್ರಮಾಣಪತ್ರ), ವಕೀಲರ ಸಂಘದ ಪತ್ರ, ನ್ಯಾಯಾಧೀಶರ ದೃಢೀಕರಣ, ನನ್ನ ಹಾಜರಿ ದಾಖಲಾಗಿರುವ ರೋಜನಾಮೆಗಳ (ಕೋರ್ಟಿನ ದಿನದಿನದ ಕಲಾಪದ ದಾಖಲೆ) ನಕಲು ಎಲ್ಲವನ್ನೂ ಹೊಂದಿಸಿ ಒಯ್ದಿದ್ದೆ. ಮೇಜಿನಾಚೆ ಕುಳಿತಿದ್ದವರು ಕಡತದ ದಾರವನ್ನೂ ಬಿಚ್ಚದೆ, ಸ್ಯಾಲರಿ ಸ್ಲಿಪ್ ಮತ್ತು ಮಾಲೀಕರ ನಿರಾಕ್ಷೇಪಣಾ ಪತ್ರ ಕೇಳಿದರು. ಇಲ್ಲವೆಂದಾಗ ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ‘ಅಪೂರ್ಣ’ ಎಂದು ಬರೆದರು.

ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದಂತೆ ವೃತ್ತಿಯಲ್ಲಿರುವ ವಕೀಲ ಪೂರ್ಣಾವಧಿ ಸಂಬಳದ ನೌಕರಿ ಮಾಡುವಂತಿಲ್ಲ. ನಾನು ಸಂಬಳದ ಚೀಟಿ ತೋರಿಸಿದ್ದರೆ ನನ್ನ ವಕೀಲಿಯೇ ಪ್ರಶ್ನೆಗೆ ಒಳಗಾಗುತ್ತಿತ್ತು. ಇದನ್ನು ವಿನಯದಿಂದಲೇ ವಿವರಿಸಿದೆ. ‘ನಮೂನೆಯಲ್ಲಿ ಇದ್ದದ್ದನ್ನು ಕೇಳುತ್ತೇವೆ, ನಮಗೆ ಕಾಯ್ದೆ ಹೇಳಬೇಡಿ’ ಎಂಬ ಉತ್ತರ ಬಂತು. ಅಧಿಸೂಚನೆಯಲ್ಲಿ ಕೇಳಿದ್ದು ವಕೀಲ ವೃತ್ತಿಯ ಅನುಭವ, ಮೇಜಿನ ಮೇಲಿದ್ದದ್ದು ನೌಕರದಾರರ ನಮೂನೆ. 2025ರ ಮೇ 20ರಂದು ಸಿವಿಲ್ ನ್ಯಾಯಾಧೀಶರ ನೇಮಕಕ್ಕೆ 3 ವರ್ಷಗಳ ವಕೀಲಿಯನ್ನು ಮತ್ತೆ ಕಡ್ಡಾಯಗೊಳಿಸಿದ ಸುಪ್ರೀಂ ಕೋರ್ಟು, ಆ ಅನುಭವಕ್ಕೆ ನ್ಯಾಯಾಲಯದ ಪ್ರಧಾನ ನ್ಯಾಯಿಕ ಅಧಿಕಾರಿಯ ಪ್ರಮಾಣಪತ್ರ, ಇಲ್ಲವೇ ಅವರ ಮೇಲುರುಜು ಇರುವ, ಕನಿಷ್ಠ 10 ವರ್ಷ ವೃತ್ತಿ ಮಾಡಿದ ವಕೀಲರ ಪತ್ರ ಸಾಕೆಂದು ಹೇಳಿದೆ. ನ್ಯಾಯಾಧೀಶನಾಗಲು ಸಾಕಾಗುವ ಪತ್ರ ಈ ಹುದ್ದೆಗೆ ಏಕೆ ಸಾಲದು?

ಇದು ಮೊದಲನೆಯ ಸಲವೂ ಅಲ್ಲ. ಮೂರು ವರ್ಷಗಳ ಹಿಂದೆ ಇನ್ನೊಂದು ಕಚೇರಿಯ ಆನ್‌ಲೈನ್ ಅರ್ಜಿಯಲ್ಲಿ ‘ಉದ್ಯೋಗದಾತರ ಹೆಸರು’ ತುಂಬದ ಹೊರತು ಮುಂದಿನ ಪುಟ ತೆರೆಯುತ್ತಿರಲಿಲ್ಲ. ಸಹಾಯವಾಣಿಯಲ್ಲಿ ಯಾರೂ ಕರೆ ಎತ್ತಲಿಲ್ಲ, ಕೊನೆಯ ದಿನ ಸರ್ವರ್ ಕೈಕೊಟ್ಟಿತು, ಕಟ್ಟಿದ ಶುಲ್ಕ ಇಂದಿಗೂ ಮರಳಿಲ್ಲ. ಪತ್ರ ಬರೆದು ಕೇಳಿದರೆ ಬೆಂಗಳೂರಿಗೆ ಬನ್ನಿ ಎನ್ನುತ್ತಾರೆ. ಹೀಗೆ ಅಲೆಸುತ್ತಲೇ ನಮ್ಮ ವಯಸ್ಸು ಕಳೆಯುತ್ತಾರೆ. ಮುಂದಿನ ಅಧಿಸೂಚನೆ ಹೊರಬೀಳುವಷ್ಟರಲ್ಲಿ ನನ್ನ ವಯೋಮಿತಿ ಮೀರಿರುತ್ತದೆ.

ಸಂಬಂಧಪಟ್ಟ ಮೇಲಧಿಕಾರಿಗಳು ಕೂಡಲೇ ಗಮನ ಹರಿಸಿ ಈ ನಮೂನೆಯನ್ನು ತಿದ್ದಬೇಕು, ಇಲ್ಲವಾದರೆ ಅಂದಿನ ಪರಿಶೀಲನೆಯನ್ನೇ ರದ್ದುಪಡಿಸಿ ಹೊಸದಾಗಿ ನಡೆಸಬೇಕು. ವಕೀಲನಿಗೂ ನೌಕರನಿಗೂ ವ್ಯತ್ಯಾಸ ತಿಳಿಯದವರನ್ನು ಕಾನೂನು ಅಧಿಕಾರಿಗಳ ಆಯ್ಕೆಗೆ ಕೂಡಿಸಿದವರಿಗೆ ನಾಚಿಕೆಯಾಗಬೇಕು.

– ನೊಂದ ವಕೀಲ, ಗದಗ