ತಪಸ್ಸುಕಾಲದ ನೇರಳೆ ಬಣ್ಣದ ಬಗ್ಗೆ ಯಾರಾದ್ರೂ ಹೇಳ್ಬೇಕಲ್ವಾ

ಮಾನ್ಯ ಸಂಪಾದಕರೇ,

ಈಸ್ಟರ್‌ಗೆ ಮುಂಚೆ ನಾವು ಕ್ಯಾಥೊಲಿಕರು ಆಚರಿಸೋ ತಪಸ್ಸುಕಾಲದ ಬಗ್ಗೆ ನಿಮ್ಮ ಪೇಪರಲ್ಲಿ ಬಂದ ಲೇಖನ ಚೆನ್ನಾಗಿತ್ತು, ಉಪವಾಸ, ಶಿಲುಬೆ ಹಾದಿ ಎಲ್ಲಾ ಸರಿಯಾಗೇ ಬರೆದಿದ್ರು. ಆದ್ರೆ ಜೊತೆಗೆ ಹಾಕಿದ ಫೋಟೋದಲ್ಲಿ ಫಾದರ್ ಬಂಗಾರದ ಬಣ್ಣದ ಜರಿ ವಸ್ತ್ರದಲ್ಲಿದ್ರು, ಹಿಂದೆ ಪೀಠದ ತುಂಬಾ ಹೂವು, ಅದು ಕ್ರಿಸ್‌ಮಸ್‌ದೋ ಈಸ್ಟರ್‌ದೋ ಇರ್ಬೇಕು. ತಪಸ್ಸುಕಾಲ ಶುರುವಾಗೋ ಬೂದಿ ಬುಧವಾರದಿಂದ ಚರ್ಚಿನ ಬಲಿಪೂಜೆಗೆ ಫಾದರ್‌ಗೆ ನೇರಳೆ ವಸ್ತ್ರ, ಪೀಠಕ್ಕೆ ಹೂವಿಲ್ಲ. ನಿಮ್ಮನ್ನೊಬ್ಬರನ್ನೇ ಅಂದು ಏನು ಮಾಡೋದು, ನಮ್ಮ ಚರ್ಚಿನವರನ್ನೇ ಕೇಳಿದ್ರೂ 'ಅದು ದುಃಖದ ಬಣ್ಣ' ಅಂತ ಹೇಳಿ ಸುಮ್ಮನಾಗ್ತಾರೆ, ನನಗೆ ಬೇಜಾರಾಗೋದು ಅಲ್ಲೇ.

ಪಶ್ಚಾತ್ತಾಪದ ಬಣ್ಣ ಹೌದು, ಆದ್ರೆ ಅದು ರಾಜರ ಬಣ್ಣನೂ ಹೌದು. ಹಳೇ ಕಾಲದಲ್ಲಿ ಈಗಿನ ಲೆಬನಾನಿನ ಟೈರ್ ಕಡೆ ಸಮುದ್ರದ ಬಸವನಹುಳುಗಳಿಂದ ಈ ಬಣ್ಣ ತೆಗೀತಿದ್ರು, ಸ್ವಲ್ಪ ಬಣ್ಣಕ್ಕೆ ಸಾವಿರಾರು ಹುಳ ಬೇಕಿತ್ತು, ಹಾಗಾಗಿ ಚಕ್ರವರ್ತಿಗಳಂಥವರಿಗೆ ಮಾತ್ರ ಅದು ಸಿಗ್ತಿತ್ತು. ಯೇಸುವನ್ನ ಗೇಲಿ ಮಾಡೋಕೆ ಸೈನಿಕರು ಮುಳ್ಳಿನ ಕಿರೀಟ ಇಟ್ಟು ಅದೇ ಬಣ್ಣದ ಬಟ್ಟೆ ಹೊದಿಸಿದ್ರು ಅಂತ ಬೈಬಲ್ಲಿನ ಮಾರ್ಕ, ಯೊವಾನ್ನ ಇಬ್ಬರ ಶುಭಸಂದೇಶದಲ್ಲೂ ಇದೆ. ಅವಮಾನ ಮಾಡೋಕೆ ಹೊದಿಸಿದ್ದನ್ನ ನಾವು ನಿಜವಾದ ರಾಜನ ವಸ್ತ್ರ ಅಂತ ಗೌರವದಿಂದ ನೋಡ್ತೀವಿ, ಇಷ್ಟು ದೊಡ್ಡ ವಿಷಯ ಆ ಬಟ್ಟೇಲಿದೆ.

ಈ ಪದ್ಧತಿ ಮೊದಲಿಂದ ಹೀಗೇ ಇರ್ಲಿಲ್ಲ. ಮುಂದೆ ಮೂರನೇ ಇನ್ನೊಸೆಂಟ್ ಪೋಪ್ ಆದವರು 12ನೇ ಶತಮಾನದ ಕೊನೇಲಿ ಬರೆದಿರೋ ಪ್ರಕಾರ ಆಗ ರೋಮ್‌ನಲ್ಲಿ ತಪಸ್ಸುಕಾಲಕ್ಕೆ ಕಪ್ಪು ಹಾಕ್ತಿದ್ರು. ಶುಭ ಶುಕ್ರವಾರಕ್ಕಂತೂ ಕಪ್ಪು ತೀರಾ ಇತ್ತೀಚಿನವರೆಗೂ ಇತ್ತು, 1970ರ ಹೊಸ ಪೂಜಾಪುಸ್ತಕ ಬಂದ್ಮೇಲೆ ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರಕ್ಕೂ ಶುಭ ಶುಕ್ರವಾರಕ್ಕೂ ಕೆಂಪು ಆಯ್ತು, ರಕ್ತ ಸುರಿಸಿದ್ದರ ಗುರುತು ಅದು. ಆ ಶುಕ್ರವಾರ ಫಾದರ್ ಕೆಂಪು ವಸ್ತ್ರದಲ್ಲೇ ಪೀಠದ ಮುಂದೆ ಬೋರಲು ಮಲಗ್ತಾರಲ್ಲ, ಆಗ ಇಡೀ ಚರ್ಚಲ್ಲಿ ಒಂದು ಶಬ್ದ ಇರಲ್ಲ.

ನಾನು ನಮ್ಮ ಚರ್ಚಲ್ಲಿ ಪೂಜೆಗೆ ಬಟ್ಟೆ ತೆಗೆದಿಡೋ ಸೇವೆ ಮಾಡ್ತೀನಿ. ಮೇಜಿನ ಮೇಲೆ ಉಲ್ಟಾ ಜೋಡಿಸ್ಬೇಕು, ಫಾದರ್ ಕೊನೇಲಿ ಹಾಕೋ ನೇರಳೆ ವಸ್ತ್ರ ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ಕೊರಳಿಗೆ ಹಾಕೋ ಉದ್ದ ಪಟ್ಟಿ ಸ್ಟೋಲು, ಸೊಂಟದ ದಾರ, ಎಲ್ಲದರ ಮೇಲೆ ಮೊದಲು ತೊಡೋ ಬಿಳಿ ನಿಲುವಂಗಿ ಆಲ್ಬು. ಆ ಬಿಳಿ ಜ್ಞಾನಸ್ನಾನದ ಬಿಳಿ. ಪಾಸ್ಖದ ರಾತ್ರಿ, ಅಂದ್ರೆ ಈಸ್ಟರ್ ಹಿಂದಿನ ರಾತ್ರಿ, ಜ್ಞಾನಸ್ನಾನ ಪಡೆಯೋರು ತಯಾರಾಗೋ ಕಾಲನೇ ಈ 40 ದಿನ, ಅದಕ್ಕೇ ನೇರಳೆ ತೋಳಿನ ಕೆಳಗೆ ಬಿಳಿ ಅಂಚು ಇಣುಕೋದನ್ನ ಕಂಡಾಗೆಲ್ಲ ಮಕ್ಕಳಿಗೆ ತೋರಿಸ್ಬೇಕು ಅನ್ಸುತ್ತೆ.

ತಪಸ್ಸುಕಾಲದ ನಾಲ್ಕನೇ ಭಾನುವಾರದ ಗುಲಾಬಿ ಬಣ್ಣದ ವಿಷ್ಯ ಬೇರೆ. ಅರ್ಧ ದಾರಿ ಮುಗೀತು, ಈಸ್ಟರ್ ಹತ್ರ ಬಂತು ಅನ್ನೋ ಸಂತೋಷಕ್ಕೆ ಅವತ್ತು ಗುಲಾಬಿ ವಸ್ತ್ರ ಹಾಕಬಹುದು, ಪೀಠಕ್ಕೆ ಹೂವೂ ಇಡಬಹುದು. ಹಾಕಬಹುದು ಅಷ್ಟೇ, ಕಡ್ಡಾಯ ಇಲ್ಲ. ವರ್ಷಕ್ಕೆ ಎರಡು ಸಲ ಮಾತ್ರ ಹಾಕೋ ಸೆಟ್ಟಿಗೆ ಬಡ ಚರ್ಚುಗಳು ದುಡ್ಡು ಸುರಿಯೋದು ಬೇಡ ಅಂತ ನನ್ನ ಅಭಿಪ್ರಾಯ, ನೇರಳೆನೇ ಸಾಕು. ಹಾಗೇ ನೇರಳೆ ವಸ್ತ್ರಕ್ಕೂ ಮದುವೆ ಸೀರೆ ಥರ ಮಿಂಚೋ ಜರಿ ಹಾಕಿಸೋದು ಬಿಡಿ, ಸಾದಾ ಬಟ್ಟೆಗಿರೋ ಗಾಂಭೀರ್ಯನೇ ಈ ಕಾಲಕ್ಕೆ ಸರಿ.

ಫಾದರ್‌ಗಳಲ್ಲಿ ಒಂದು ವಿನಂತಿ, ಪ್ರಸಂಗದಲ್ಲಿ ಎರಡೇ ನಿಮಿಷ ನೀವು ತೊಟ್ಟಿರೋ ಬಣ್ಣದ ಬಗ್ಗೆ ಹೇಳಿ, ಮಕ್ಕಳು ಕಣ್ಣಲ್ಲಿ ನೋಡಿದ್ದನ್ನ ಮರೆಯಲ್ಲ. ನಿಮ್ಮ ಪೇಪರಿನವರಿಗೂ ಅಷ್ಟೇ, ಶುಭ ಶುಕ್ರವಾರದ ಪುಟಕ್ಕೆ ಫೋಟೋ ಆರಿಸುವಾಗ ದಯವಿಟ್ಟು ಕೆಂಪು ವಸ್ತ್ರದ್ದೇ ಹಾಕಿ, ಹಿಂದಿನ ದಿನದ ಗುರುವಾರದ್ದು ಬಿಳಿ ಇರುತ್ತೆ, ಅದು ಇದಕ್ಕೆ ಸೇರ್ಬಾರ್ದು.

ಇತಿ,
ನಿಮ್ಮ ಓದುಗಳು, ಮಂಗಳೂರು